ದಿನಕ್ಕೆರಡು ಮಸ್ಕತ್

ಮಸ್ಕತ್ತಿನಿಂದ ಮುಂಬಯಿಗೆ ವಿಮಾನದಲ್ಲಿ ಎರಡೂವರೆ ಗಂಟೆ. ಈ ಮಾತನ್ನು ನನ್ನ ತಂಗಿ ಪ್ರತಿ ವರ್ಷ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು, ಚಪ್ಪಲಿ ಬಿಚ್ಚುವ ಮೊದಲೇ ಹೇಳುತ್ತಿದ್ದಳು.

"ಕೂತದ್ದೇ ಗೊತ್ತಾಗ್ಲಿಲ್ಲ ಅಕ್ಕ. ತಿಂಡಿ ಕೊಟ್ರು, ಕೈ ಒರೆಸ್ಲಿಕ್ಕೆ ಬಿಸಿ ಬಟ್ಟೆ ಕೊಟ್ರು, ಮಗು ಒಂದು ನಿದ್ದೆ ತೆಗ್ದು ಏಳುವಾಗ ಕೆಳಗೆ ಬಾಂಬೆ."

ಅದನ್ನು ಕೇಳಿಸಿಕೊಳ್ಳುತ್ತ ನಾನು ಅವಳ ಸೂಟ್‌ಕೇಸನ್ನು ಎರಡನೆಯ ಮಾಳಿಗೆಗೆ ಹೊತ್ತು ತರುತ್ತಿದ್ದೆ. ಅದಕ್ಕೆ ಗಾಲಿಗಳಿದ್ದವು. ಡೊಂಬಿವಲಿ ಪೂರ್ವದ ನಮ್ಮ ಕಟ್ಟಡದ ಮೆಟ್ಟಿಲಿಗೆ ಗಾಲಿ ಏನು ಉಪಯೋಗ? ಬಿಸಿ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಬಂದವಳು ಮುಂದೆ, ಬೆವರು ಒರೆಸಿಕೊಳ್ಳಲು ಕೈ ಖಾಲಿ ಇಲ್ಲದವಳು ಹಿಂದೆ.

ತೊಂಬತ್ತರ ದಶಕದ ನಡುವಿನ ಮಾತು ಇದು. ಅಪ್ಪ ಕಲ್ಯಾಣದ ಒಂದು ಸಸ್ಯಾಹಾರಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕೂತು ಒಂದು ದಿನ ಅಲ್ಲೇ ಒರಗಿ ಹೋಗಿದ್ದರು. ಉಡುಪಿಯ ಕಡೆಯ ನಮ್ಮ ಸಂಸಾರದಲ್ಲಿ ಉಳಿದವರು ಅಮ್ಮ, ನಾನು, ತಂಗಿ. ನಾನು ಹಿರಿಯವಳು. ನನಗೆ ಮದುವೆಯಾಗಿರಲಿಲ್ಲ. ಮಾಡುವ ಯೋಚನೆಯನ್ನು ಮನೆಯವರು, ನೆಂಟರು ಒಬ್ಬೊಬ್ಬರಾಗಿ ಬಿಟ್ಟರು, ಕೊನೆಗೆ ನಾನೂ ಬಿಟ್ಟೆ. ತಂಗಿಯನ್ನು ಮಾತ್ರ ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದ ಹುಡುಗನೊಬ್ಬ ನೋಡಿದ ದಿನವೇ ಒಪ್ಪಿಕೊಂಡು, ಎರಡು ತಿಂಗಳಲ್ಲಿ ಕರೆದುಕೊಂಡು ಹೋದ. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಎರಡು ಬಗೆಯ ಹೆಣ್ಣುಮಕ್ಕಳಾದರು. ಒಬ್ಬಳು ದೂರ ಇರುವವಳು, ಇನ್ನೊಬ್ಬಳು ಇದ್ದೇ ಇರುವವಳು.

ದೂರ, ದೂರ ಎಂದು ಅಮ್ಮ ದಿನಕ್ಕೆ ಹತ್ತು ಸಲ ಹೇಳುವುದನ್ನು ಕೇಳಲಾರದೆ ಒಂದು ಭಾನುವಾರ ನನ್ನ ಶಾಲೆಯ ಹಳೆಯ ಭೂಪಟದ ಪುಸ್ತಕ ಹುಡುಕಿ ತೆಗೆದೆ. ಹೊಲಿಗೆಯ ದಾರ ಹಿಡಿದು ಮುಂಬಯಿಯಿಂದ ಮಸ್ಕತ್ತಿಗೆ ಅಳೆದೆ. ನಡುವೆ ಬರಿಯ ನೀಲಿ ಸಮುದ್ರ, ದಾರ ಎಲ್ಲೂ ಬಾಗಲಿಲ್ಲ. ಆಮೇಲೆ ಮುಂಬಯಿಯಿಂದ ಉಡುಪಿಗೆ ಅಳೆದೆ. ಮಸ್ಕತ್ತಿನ ದಾರ ಉಡುಪಿಯ ದಾರದ ಎರಡರಷ್ಟು ಬಂತು. ಅಮ್ಮ ಗೆದ್ದವಳ ಹಾಗೆ ನೋಡಿದಳು.

"ಕಂಡ್ಯಾ? ಎಷ್ಟು ದೂರ ಉಂಟು ಪಾಪ!"

"ಉಡುಪಿಗೆ ಬಸ್ಸಿನಲ್ಲಿ ಒಂದು ರಾತ್ರಿ ಪೂರ್ತಿ, ಮರುದಿನ ಊಟದ ಹೊತ್ತು ದಾಟಿದ ಮೇಲೆ ಇಳಿಯುದು ನಾವು. ಸೊಂಟ ಹಿಡ್ಕೊಂಡು ಇಳಿಯುದು," ಎಂದೆ. "ಅವಳು ಎರಡೂವರೆ ಗಂಟೆ ಕುರ್ಚಿಯಲ್ಲಿ ಕೂತು ಬರುದು. ಯಾರು ದೂರ ಈಗ?"

"ನೀನು ಎಲ್ಲದಕ್ಕೂ ಒಂದು ಹೇಳ್ತಿ," ಎಂದು ಅಮ್ಮ ಭೂಪಟ ಮುಚ್ಚಿದಳು.

ಆ ಎರಡೂವರೆ ಗಂಟೆಯಾದರೂ ನೆಟ್ಟಗಿತ್ತೇ ಎಂದರೆ, ಅದೂ ಇಲ್ಲ. ಮಸ್ಕತ್ತಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿಂದ ಮಧ್ಯಾಹ್ನ ಹನ್ನೆರಡಕ್ಕೆ ಹಾರಿದರೆ ಅಲ್ಲಿಯ ಗೋಡೆಯ ಗಡಿಯಾರದಲ್ಲಿ ಒಂದು ಗಂಟೆಗೆ ಇಳಿದಾಗಿರುತ್ತದೆ. ನನ್ನ ತಂಗಿಗೆ ಗಡಿಯಾರವೂ ಬದಿಗೆ ಸರಿದು ದಾರಿ ಬಿಡುತ್ತಿತ್ತು. ಬರುವಾಗ ಮಾತ್ರ ಅದೇ ಲೆಕ್ಕ ತಿರುಗಿ, ಹನ್ನೆರಡಕ್ಕೆ ಹೊರಟವಳು ಇಲ್ಲಿ ನಾಲ್ಕಕ್ಕೆ ಇಳಿಯುತ್ತಿದ್ದಳು. ಅಮ್ಮ ಈ ನಾಲ್ಕು ಗಂಟೆಯ ಲೆಕ್ಕವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಟ್ಟಡದವರಿಗೆಲ್ಲ, "ಚಾರ್ ಘಂಟೆ ಆಕಾಶದಲ್ಲಿ," ಎಂದು ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಒಂದು ಗಂಟೆಯ ಲೆಕ್ಕ ಹಿಡಿದುಕೊಂಡೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಆದರೂ ವರ್ಷಗಟ್ಟಲೆ ಜಗಳವಾಡಿದೆವು.

ಈಗ ನನ್ನ ದಾರಿ ಹೇಳುತ್ತೇನೆ. ಬೇಲಾಪುರ ರಸ್ತೆಯ ಒಂದು ಔಷಧದ ಕಂಪನಿಯಲ್ಲಿ ನಾನು ಲೆಕ್ಕದ ವಿಭಾಗದಲ್ಲಿದ್ದೆ. ಡೊಂಬಿವಲಿಯಿಂದ ಅಲ್ಲಿಗೆ ನೇರ ರೈಲು ಇರಲಿಲ್ಲ. ಮನೆಯಿಂದ ಸ್ಟೇಷನ್ನಿಗೆ ನಡಿಗೆ, ಅಲ್ಲಿಂದ ಠಾಣೆಗೆ ಲೋಕಲ್, ಠಾಣೆಯಲ್ಲಿ ಬಸ್ಸಿನ ಸಾಲು, ಬಸ್ಸು ಬಂದ ಮೇಲೆ ಕಳವಾ ಸೇತುವೆಯ ಮೇಲೆ ಲಾರಿಗಳ ಹಿಂದೆ ನಿಲ್ಲುವುದು, ಆಮೇಲೆ ಕಾರ್ಖಾನೆಗಳ ವಾಸನೆ ಒಂದೊಂದಾಗಿ ಮೂಗಿಗೆ ಬಡಿಯುತ್ತ ಬಡಿಯುತ್ತ ನಮ್ಮ ಗೇಟು. ಒಳ್ಳೆಯ ದಿನ ಎರಡು ಗಂಟೆ, ಕೆಟ್ಟ ದಿನ ಎರಡೂವರೆ, ಕೆಲವೊಮ್ಮೆ ಮೂರು. ಸಂಜೆ ಅದೇ ದಾರಿ ತಿರುಗಿಸಿ. ಒಂದು ದಿನ ಬಸ್ಸಿನಲ್ಲಿ ಯಾರದೋ ಛತ್ರಿಯ ತುದಿ ಪಕ್ಕೆಗೆ ಚುಚ್ಚುತ್ತಿದ್ದಾಗ ಇದು ಹೊಳೆಯಿತು. ನಾನು ಬೆಳಗ್ಗೆ ಒಂದು ಮಸ್ಕತ್, ಸಂಜೆ ಒಂದು ಮಸ್ಕತ್ ಮಾಡುತ್ತಿದ್ದೇನೆ. ತಂಗಿ ವರ್ಷಕ್ಕೆರಡು ಮಾಡುತ್ತಾಳೆ. ನಾನು ದಿನಕ್ಕೆರಡು. ನನಗೆ ಬಿಸಿ ಬಟ್ಟೆ ಕೊಡುವವರು ಇರಲಿಲ್ಲ, ಕೂರಲು ಜಾಗ ಕೊಡುವವರೂ ಇರಲಿಲ್ಲ.

ಇದನ್ನು ಅಮ್ಮನಿಗೆ ಹೇಳಿದೆ. ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದಳು. "ರೈಲು ನೆಲದ ಮೇಲೆ ಹೋಗುದಲ್ವಾ ಮಗಾ," ಎಂದಳು. ಅಷ್ಟೇ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಹಿತ್ತಲ ಗಿಡಕ್ಕೆ ಅದು ಕೇಳಿಸುತ್ತದೆ ಎಂದು ಯಾರೂ ಯೋಚಿಸುವುದಿಲ್ಲ.

ನಮ್ಮಲ್ಲಿ ಫೋನಿರಲಿಲ್ಲ. ಕೆಳಗಿನ ಮನೆಯಲ್ಲಿ, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ಮರಾಠಿ ಹೆಂಗಸಿನಲ್ಲಿ ಇತ್ತು. ತಂಗಿ ಹೋಗುವ ದಿನ, ವಿಮಾನ ಹಾರುವ ಹೊತ್ತಿನಿಂದ ಅಮ್ಮ ಕಾಕುವಿನ ಮನೆಯ ಫೋನಿನ ಪಕ್ಕ ಹೋಗಿ ಕೂರುವಳು. ನೀರೂ ಕುಡಿಯುತ್ತಿರಲಿಲ್ಲ. ಫೋನು ಬಂದು, ಆ ಕಡೆಯಿಂದ "ಮುಟ್ಟಿದೆ ಅಮ್ಮ" ಎಂದು ಕೇಳಿದ ಮೇಲೆ ಮಾತ್ರ ಎದ್ದು ಬಂದು ಗಂಜಿಗೆ ನೀರಿಡುವಳು. ನಾನು ಮುಟ್ಟಿದೆನೋ ಇಲ್ಲವೋ ಎಂದು ಕೇಳಲು ಕಂಪನಿಗೆ ಒಂದು ಸಲವೂ ಫೋನು ಬಂದದ್ದಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಇದನ್ನು ಬೇರೆ ಹೆಸರಿನಿಂದ ಕರೆಯುವುದಿಲ್ಲ. ತಂಗಿಯ ಸೀರೆ, ಸೆಂಟು, ಚಿನ್ನ ನೋಡಿ ಆದದ್ದಲ್ಲ. ಅವನ್ನು ಅವಳು ನನಗೂ ತರುತ್ತಿದ್ದಳು, ನಾನೂ ನಾಚದೆ ತೆಗೆದುಕೊಳ್ಳುತ್ತಿದ್ದೆ. ಆ ಗಂಜಿಗೆ ನೀರಿಡದೆ ಕೂರುವುದಿತ್ತಲ್ಲ, ಅದು ನನಗೆ ಬೇಕಾಗಿತ್ತು.

ಇನ್ನು ಪ್ರಸ್ಥಾನದ ಕತೆ. ಪ್ರಯಾಣದ ದಿನ ಒಳ್ಳೆಯದಲ್ಲದಿದ್ದರೆ, ಅದಕ್ಕಿಂತ ಮೊದಲೇ ಒಂದು ಒಳ್ಳೆಯ ಗಳಿಗೆ ನೋಡಿ, ಹೋಗುವವರ ಒಂದು ಚೀಲವನ್ನು ಹೋಗುವ ದಿಕ್ಕಿನ ಬೇರೊಬ್ಬರ ಮನೆಯಲ್ಲಿ ಇಟ್ಟು ಬರುವುದು ನಮ್ಮ ಹಿರಿಯರ ಪದ್ಧತಿ. ಅದರಲ್ಲಿ ಅವರು ಉಟ್ಟ ಒಂದು ಬಟ್ಟೆ, ಒಂದು ಹಿಡಿ ಅಕ್ಕಿ, ಅರಸಿನದ ಕೊಂಬು, ಅಡಿಕೆ. ಚೀಲ ಹೊರಟರೆ ಮನುಷ್ಯ ಹೊರಟ ಹಾಗೆಯೇ ಲೆಕ್ಕ. ಆಮೇಲೆ ರಾಹುಕಾಲವೋ ಶೂಲವೋ, ಯಾವಾಗ ಬೇಕಾದರೂ ಹೋಗಬಹುದು. ಹೋಗುವಾಗ ಆ ಮನೆಯಿಂದ ಚೀಲ ಎತ್ತಿಕೊಂಡು ಹೋಗಬೇಕು. ಒಮ್ಮೆ ಇಟ್ಟ ಚೀಲ ತಿರುಗಿ ಮನೆಗೆ ಬರಬಾರದು.

ತಂಗಿಯ ವಿಮಾನ ಯಾವಾಗಲೂ ಶುಕ್ರವಾರ. ಮಸ್ಕತ್ತು ಪಶ್ಚಿಮಕ್ಕೆ. ಶುಕ್ರವಾರ ಪಶ್ಚಿಮಕ್ಕೆ ಶೂಲ, ಆ ದಿಕ್ಕಿಗೆ ಹೊರಡಬಾರದು. ಹೀಗಾಗಿ ಪ್ರತಿ ಸಲ ಗುರುವಾರ ಚೀಲ ಹೊರಡಬೇಕು, ಅದೂ ಪಶ್ಚಿಮಕ್ಕೆ. ಅಕ್ಕಪಕ್ಕದ ಮನೆ ಆಗದೇ ಎಂದು ಕೇಳಿದರೆ ಅಮ್ಮ ಒಪ್ಪಲಿಲ್ಲ. ಡೊಂಬಿವಲಿಯಲ್ಲಿ ರೈಲುಹಳಿಯ ಈ ಕಡೆಯದೆಲ್ಲ ಪೂರ್ವ, ಆ ಕಡೆಯದು ಪಶ್ಚಿಮ ಎಂದು ಪ್ರತಿ ಬೋರ್ಡಿನಲ್ಲಿ ಬರೆದಿದೆ. ಅಮ್ಮ ಅದನ್ನು ಪಂಚಾಂಗದಷ್ಟೇ ನಂಬಿದ್ದಳು. ಹಳಿಯ ಆಚೆ ನಮ್ಮ ದೂರದ ಚಿಕ್ಕಮ್ಮನ ಮನೆಯಿತ್ತು. ಅಲ್ಲಿಗೇ ಹೋಗಬೇಕು.

ಯಾರು ಹೋಗಬೇಕು? ಹೊರಡುವವಳೇ ಹಳಿ ದಾಟಿ ತಿರುಗಿ ಬಂದರೆ ಪ್ರಸ್ಥಾನಕ್ಕೆ ಅರ್ಥವೇ ಇಲ್ಲ. ಅಮ್ಮನಿಗೆ ಮಂಡಿನೋವು. ಹಾಗಾದರೆ ಉಳಿದವಳು ಯಾರು ಎಂದು ಹೇಳಬೇಕಾಗಿಲ್ಲ. ಪ್ರತಿ ವರ್ಷ ಮಸ್ಕತ್ತಿನ ಪ್ರಯಾಣದ ಮೊದಲ ತುಂಡನ್ನು ನಡೆದವಳು ನಾನು. ಸ್ಟೇಷನ್ನಿನ ಮೇಲಿನ ಬ್ರಿಜ್ಜಿನಲ್ಲಿ, ಕೆಲಸದಿಂದ ಬರುವ ಜನ ಎದುರಿಗೆ ನುಗ್ಗುತ್ತಿರುವಾಗ, ತಂಗಿಯ ಹಳೆಯ ರವಕೆ ಮತ್ತು ಅಕ್ಕಿ ಇರುವ ಚೀಲವನ್ನು ಎದೆಗೆ ಅವಚಿಕೊಂಡು ನಾನು ವಿದೇಶಕ್ಕೆ ಹೊರಡುತ್ತಿದ್ದೆ. ಚಿಕ್ಕಮ್ಮ ಕಾಫಿ ಕೊಡುತ್ತಿದ್ದರು. ಕಾಫಿ ಕುಡಿದು ವಿದೇಶದಿಂದ ತಿರುಗಿ ಬರುತ್ತಿದ್ದೆ.

ಮರುದಿನ ವಿಮಾನ ನಿಲ್ದಾಣಕ್ಕೆ ಹೊರಟ ಟ್ಯಾಕ್ಸಿ ಈ ಚೀಲಕ್ಕಾಗಿ ಪಶ್ಚಿಮಕ್ಕೆ ಸುತ್ತು ಹಾಕಬೇಕು. ಡ್ರೈವರ್ ಗೊಣಗುವನು. ತಂಗಿ ನಗುವಳು. "ಅಮ್ಮನ ಸಮಾಧಾನಕ್ಕೆ ಅಕ್ಕ, ಬಿಡು," ಎನ್ನುವಳು. ಸಮಾಧಾನ ಅಮ್ಮನದು, ಪ್ರಯಾಣ ಅವಳದು, ಕಾಲು ನನ್ನದು.

ಒಂದು ವರ್ಷ ತಂಗಿ ಮಳೆಗಾಲದಲ್ಲಿ ಬಂದಿದ್ದಳು, ಮೂರು ವರ್ಷದ ಮಗುವಿನೊಂದಿಗೆ. ಹೊರಡುವ ಹಿಂದಿನ ಗುರುವಾರ ಬೆಳಗ್ಗೆಯೇ ಅಮ್ಮ ಬಾಗಿಲಿಗೆ ಬಂದು ಹೇಳಿದಳು. "ಇವತ್ತು ಗಳಿಗೆ ಇರುದು ಸಂಜೆ ಏಳರ ಒಳಗೆ. ಬೇಗ ಬಾ."

ಆ ದಿನ ಮಧ್ಯಾಹ್ನದಿಂದ ಮಳೆ ಸುರಿಯಿತು. ಠಾಣೆಗೆ ಹೊರಟ ಬಸ್ಸು ಕಳವಾ ಸೇತುವೆಯ ಹತ್ತಿರ ಅರ್ಧಕ್ಕೆ ನಿಂತಿತು, ನಾವೆಲ್ಲ ಇಳಿದು ನಡೆದೆವು. ಠಾಣೆಯಲ್ಲಿ ರೈಲುಗಳು ಒಂದರ ಹಿಂದೆ ಒಂದು ನಿಂತಿದ್ದವು. ಒಂದು ಕೊನೆಗೂ ಹೊರಟಾಗ ಹೆಂಗಸರ ಡಬ್ಬಿಯ ಬಾಗಿಲಲ್ಲಿ ಒಂದು ಕಾಲಿಗೆ ಮಾತ್ರ ಜಾಗ ಸಿಕ್ಕಿತು. ಮುಂಬ್ರಾ ದಾಟಿ ದಿವಾದ ಹತ್ತಿರ ಮತ್ತೆ ನಿಂತಿತು. ಹಿಡಿದ ಕೈ ಮರಗಟ್ಟಿತು. ನನ್ನ ಹಿಂದೆ ನಿಂತ ಹುಡುಗಿಯೊಬ್ಬಳು ನನ್ನ ಸೊಂಟದ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು, "ಮಾವಶಿ, ಸೋಡೂ ನಕಾ," ಎನ್ನುತ್ತಲೇ ಇದ್ದಳು, ಕೈ ಬಿಡಬೇಡಿ ಎಂದು. ಅವಳು ಯಾರೋ ನನಗೆ ಗೊತ್ತಿಲ್ಲ. ಆ ಸಂಜೆ ನಾನು ಮನೆ ಮುಟ್ಟಬೇಕೆಂದು ಬಯಸಿದ ಒಂದು ಜೀವ ಅದೊಂದೇ ಎಂದು ಅನ್ನಿಸಿ ಅಳು ಬಂತು.

ನಮ್ಮ ರಸ್ತೆಯಲ್ಲಿ ಮೊಣಕಾಲಿನವರೆಗೆ ನೀರು. ಸೀರೆ ಎತ್ತಿ ಹಿಡಿದು ಬರುವಾಗ ತಲೆ ಎತ್ತಿ ನೋಡಿದರೆ ಅಮ್ಮ ಗ್ಯಾಲರಿಯಲ್ಲಿ ಸರಳು ಹಿಡಿದು, ರಸ್ತೆಯನ್ನೇ ನೋಡುತ್ತ ನಿಂತಿದ್ದಳು. ನನಗಾಗಿ ಕಾಯುತ್ತಿದ್ದಾಳೆ! ಒಮ್ಮೆಲೇ ಎಲ್ಲ ಆಯಾಸ ಇಳಿದು ಹೋಯಿತು. ನಾನು ಕೈ ಬೀಸಿದೆ. ಅಮ್ಮನೂ ಕೈ ಬೀಸಿದಳು. ಆ ಕೈಯಲ್ಲಿ ತಂಗಿಯ ಚೀಲ ಇತ್ತು.

"ಬೇಗ ಬಾ ಮಾರಾಯ್ತಿ! ಗಳಿಗೆ ಮೀರ್ತಾ ಬಂತು!"

ನಾನು ಮೇಲೆ ಹೋಗುವಷ್ಟರಲ್ಲಿ ಅಮ್ಮ ಬಾಗಿಲಲ್ಲಿ ಚೀಲ ಮುಂದೆ ಚಾಚಿಕೊಂಡು ನಿಂತಿದ್ದಳು. ತಂಗಿ ಒಳಗೆ ತಲೆಗೆ ಎಣ್ಣೆ ಹಾಕಿ ಸ್ನಾನ ಮಾಡಿ, ಮಂಚದ ಮೇಲೆ ಮಗುವನ್ನು ಮಲಗಿಸಿಕೊಂಡು ಕೂತಿದ್ದಳು. ನನ್ನ ಬಟ್ಟೆಯಿಂದ ಹೊಸ್ತಿಲ ಮೇಲೆ ನೀರು ಸುರಿಯುತ್ತಿತ್ತು. ಅಮ್ಮ ಅದನ್ನು ನೋಡಿದಳು. ನೋಡಿ, "ಚೀಲ ಒದ್ದೆ ಮಾಡ್ಬೇಡ," ಎಂದಳು.

ನನಗೆ ಸಿಟ್ಟು ಮೂಗಿನ ಮೇಲೆಯೇ ಇರುತ್ತದೆ, ಎಲ್ಲರಿಗೂ ಗೊತ್ತು. ಆ ದಿನ ಅದು ಮೂಗಿನಲ್ಲಿ ನಿಲ್ಲಲಿಲ್ಲ.

"ನಾನು ಹೋಗುದಿಲ್ಲ," ಎಂದೆ. "ನಿನ್ನ ಮಗಳು ನಾಳೆ ಎರಡೂವರೆ ಗಂಟೆ ಕುರ್ಚಿಯಲ್ಲಿ ಕೂರ್ಲಿಕ್ಕೆ ಇವತ್ತು ನಾನು ಸಾಯ್ಬೇಕಾ? ದಿನಾ ಹೋಗುವ ನನಗೆ ಯಾವತ್ತಾದ್ರೂ ಒಂದು ಹಿಡಿ ಅಕ್ಕಿ ಇಟ್ಟಿದ್ದೀಯಾ? ನಾನು ಬರ್ಲಿಲ್ಲ ಅಂದ್ರೆ ನಿನಗೆ ಗೊತ್ತಾಗುದು ಯಾವಾಗ, ಚೀಲ ಹೊರ್ಲಿಕ್ಕೆ ಜನ ಇಲ್ಲ ಅಂತ ಆದಾಗ!"

ತಂಗಿ ಎದ್ದು ನಿಂತಳು. "ಅಕ್ಕಾ, ನಾನೇ ಹೋಗಿ ಬರ್ತೇನೆ, ಕೊಡು."

"ನೀನು ಕೂತ್ಕೋ," ಎಂದಳು ಅಮ್ಮ, ನನ್ನನ್ನು ನೋಡದೆಯೇ. "ನೀನು ದಾಟುವ ಹಾಗಿಲ್ಲ." ಮೊಳೆಯಲ್ಲಿದ್ದ ಛತ್ರಿ ತೆಗೆದುಕೊಂಡಳು, ಚೀಲವನ್ನು ಸೆರಗಿನೊಳಗೆ ಸಿಕ್ಕಿಸಿದಳು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದಳು.

ನಾನು ತಡೆಯಲಿಲ್ಲ. ಒದ್ದೆ ಬಟ್ಟೆಯಲ್ಲೇ ನೆಲದ ಮೇಲೆ ಕೂತೆ. ಹೋಗಲಿ, ಅವಳ ಪ್ರೀತಿಯ ಮಗಳಿಗಾಗಿ ತಾನೇ ಹೋಗಲಿ ಎಂದುಕೊಂಡೆ. ತಂಗಿ ಟವೆಲ್ ತಂದು ಕೊಟ್ಟಳು, ನಾನು ತೆಗೆದುಕೊಳ್ಳಲಿಲ್ಲ. ಅವಳು ಅದನ್ನು ನನ್ನ ಪಕ್ಕ ಇಟ್ಟು ಹೋದಳು. ಮಗು ಎದ್ದು ಹಿಂದಿಯಲ್ಲಿ, "ನಾನಿ ಕಿಧರ್ ಗಯಿ?" ಎಂದು ಕೇಳಿತು.

ಚಿಕ್ಕಮ್ಮನ ಮನೆಗೆ ಹೋಗಿ ಬರಲು ನನಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಳೆಯಿತು. ಅಮ್ಮನ ಮಂಡಿಗೆ ಬೇಕಾಗುವಷ್ಟು ಹೊತ್ತೂ ಕಳೆಯಿತು. ನನ್ನ ಸಿಟ್ಟು ಇಳಿದಿರಲಿಲ್ಲ, ಆದರೆ ಅದರ ಅಡಿಯಲ್ಲಿ ಹೆದರಿಕೆ ಹರಿದಾಡತೊಡಗಿತು. ಅಮ್ಮ ತರಕಾರಿಗೆ ಹೋಗುತ್ತಿದ್ದುದು ಮಧ್ಯಾಹ್ನ, ದೇವಸ್ಥಾನಕ್ಕೆ ಹೋಗುತ್ತಿದ್ದುದು ರಿಕ್ಷಾದಲ್ಲಿ. ರೈಲು ಹತ್ತಿದ್ದರೆ ರಜೆಯ ದಿನ, ಖಾಲಿ ಡಬ್ಬಿಯಲ್ಲಿ, ಕಿಟಕಿಯ ಪಕ್ಕ. ಇಷ್ಟು ವರ್ಷ ಈ ಊರಿನಲ್ಲಿದ್ದೂ ಅವಳು ಸಂಜೆಯ ಹೊತ್ತು ಆ ಬ್ರಿಜ್ಜನ್ನು ಕಂಡವಳಲ್ಲ. ನಾನು ಎದ್ದು ಹಾಗೆಯೇ ಹೊರಗೆ ಓಡಿದೆ.

ಬ್ರಿಜ್ಜಿನ ಮೇಲೆ ಕಾಲಿಡಲು ಜಾಗವಿರಲಿಲ್ಲ. ನಿಂತಿದ್ದ ರೈಲುಗಳೆಲ್ಲ ಒಟ್ಟಿಗೇ ಬರತೊಡಗಿದ್ದವು. ಜನರ ನಡುವೆ ಭುಜ ತೂರಿಸುತ್ತ ಅಮ್ಮಾ, ಅಮ್ಮಾ ಎಂದು ಕೂಗುತ್ತ ಹೋದೆ. ನಡುಮಧ್ಯದಲ್ಲಿ, ಕಂಬಿಗೆ ಒತ್ತಿಕೊಂಡು ಅಮ್ಮ ನಿಂತಿದ್ದಳು. ಛತ್ರಿ ಎಲ್ಲೋ ಬಿದ್ದು ಹೋಗಿತ್ತು. ಚೀಲ ಇನ್ನೂ ಸೆರಗಿನೊಳಗೇ ಇತ್ತು. ಅವಳು ಕೆಳಗೆ ಪ್ಲಾಟ್‌ಫಾರ್ಮನ್ನು ನೋಡುತ್ತಿದ್ದಳು. ಒಂದು ಲೋಕಲ್ ಒಳಗೆ ಬರುತ್ತಿತ್ತು. ಬಾಗಿಲುಗಳಲ್ಲಿ ಜನ ಹೊರಗೆ ಜೋತುಬಿದ್ದಿದ್ದರು. ಹೆಂಗಸರ ಡಬ್ಬಿಯಿಂದ ಒಬ್ಬಳು ನಿಲ್ಲುವ ಮೊದಲೇ ಹಾರಿದಳು, ಅವಳ ಹಿಂದೆ ಇನ್ನೊಬ್ಬಳು.

ನಾನು ತೋಳು ಹಿಡಿದಾಗ ಅಮ್ಮ ಬೆಚ್ಚಲಿಲ್ಲ. ಕೆಳಗೆ ನೋಡುತ್ತಲೇ ಕೇಳಿದಳು.

"ಅವ್ರು ಎಂತಕ್ಕೆ ಹಾಗೆ ನೇತಾಡುದು?"

"ಒಳಗೆ ಜಾಗ ಇಲ್ಲ, ಅದಕ್ಕೆ."

"ನೀನು?"

"ನಾನೂ."

"ದಿನಾ?"

"ಆದಿತ್ಯವಾರ ಬಿಟ್ಟು."

ಅಮ್ಮ ಸೆರಗಿನೊಳಗಿನ ಚೀಲವನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಆಮೇಲೆ, "ನೀನು ಹೇಳ್ಲೇ ಇಲ್ಲ ಅಲ್ವಾ," ಎಂದಳು.

ಇದಕ್ಕಿಂತ ಹೆಚ್ಚು ಸಿಟ್ಟು ಬರಿಸುವ ಮಾತು ಬೇರೊಂದಿಲ್ಲ. "ದಿನಾ ಹೇಳ್ತಿದ್ದೆ! ನೀನು ಅವಳ ವಿಮಾನದ ಸುದ್ದಿ ಕೇಳ್ತಿದ್ದಿ!" ಎಂದು ಅಷ್ಟು ಜನರ ನಡುವೆ ಕಿರುಚಿದೆ. ಯಾರೋ ತಿರುಗಿ ನೋಡಿದರು, ತಳ್ಳಿಕೊಂಡು ಮುಂದೆ ಹೋದರು.

ಅಮ್ಮ ಕಂಬಿ ಬಿಟ್ಟಳು. ನನ್ನ ಕೈ ಹಿಡಿದುಕೊಂಡು ನಾವು ಬಂದ ಕಡೆಗೇ ತಿರುಗಿದಳು. ಗಲಿಬಿಲಿಯಲ್ಲಿ ದಿಕ್ಕು ತಪ್ಪಿದ್ದಾಳೆ ಎಂದುಕೊಂಡು, "ಪಶ್ಚಿಮ ಆಚೆ ಬದಿ ಅಮ್ಮ," ಎಂದೆ.

"ಗೊತ್ತುಂಟು," ಎಂದಳು. "ನಿನ್ನ ಬಟ್ಟೆ ಎಲ್ಲ ಒದ್ದೆ. ನಡಿ ಮನೆಗೆ."

ಮನೆಯಲ್ಲಿ ತಂಗಿ ಬಾಗಿಲು ತೆರೆದಳು. ಚೀಲ ಅಮ್ಮನ ಸೆರಗಿನಿಂದ ಹೊರಬಂದು ಮೇಜಿನ ಮೇಲೆ ಕೂತದ್ದನ್ನು ನೋಡಿದಳು. ಹೊರಟ ಚೀಲ ಅರ್ಧ ದಾರಿಯಿಂದ ತಿರುಗಿ ಬಂದಿದೆ. ಮೊದಲು ನಕ್ಕಳು. ಆಮೇಲೆ ನಗು ನಿಂತಿತು.

"ಅಂದ್ರೆ ಈ ಸಲ ನನಗೆ ಪ್ರಸ್ಥಾನ ಇಲ್ವಾ? ನಾಳೆ ನಾನು ಹೋಗುದು ಹೇಗೆ?"

ಅಮ್ಮ ನನ್ನ ತಲೆಯನ್ನು ಟವೆಲಿನಿಂದ ತಿಕ್ಕುತ್ತಿದ್ದಳು. ಜೋರಾಗಿ, ಕಿವಿ ಕಿತ್ತುಬರುವ ಹಾಗೆ. "ಎಲ್ಲರೂ ಹೋಗುವ ಹಾಗೆ ಹೋಗು," ಎಂದಳು. "ಎರಡೂವರೆ ಗಂಟೆ ಅಲ್ವಾ ಇರುದು?"

ತಂಗಿಯ ಮುಖ ಸಣ್ಣದಾಯಿತು. ಇಷ್ಟು ವರ್ಷ ಅಮ್ಮನ ಸಮಾಧಾನಕ್ಕೆ ಎಂದು ನಗುತ್ತಿದ್ದವಳು ಅವಳೇ. ಆ ರಾತ್ರಿಯ ಗಂಜಿ ನನಗೆ ಬಹಳ ರುಚಿಯಾಗಿ ಇತ್ತು, ಎರಡನೆಯ ಸಲವೂ ಬಡಿಸಿಕೊಂಡೆ.

ಮರುದಿನ ಟ್ಯಾಕ್ಸಿ ಪಶ್ಚಿಮಕ್ಕೆ ಸುತ್ತದೆ ನೆಟ್ಟಗೆ ಹೊರಟಿತು. ನಾನು ಕೆಲಸಕ್ಕೆ ಹೋದೆ. ಮಧ್ಯಾಹ್ನ ಊಟದ ಹೊತ್ತಿಗೆ ಕಂಪನಿಯ ಅಂಗಳಕ್ಕೆ ಬಂದು ಮೇಲೆ ನೋಡಿದೆ. ಮೋಡ ಬಿಟ್ಟು ಏನೂ ಕಾಣಲಿಲ್ಲ. ನಾನು ಶೂಲ, ಗಳಿಗೆ ಯಾವುದನ್ನೂ ನಂಬುವವಳಲ್ಲ. ಆದರೆ ನನ್ನಿಂದಾಗಿ ಚೀಲ ತಿರುಗಿ ಬಂದಿತ್ತಲ್ಲ, ಹೆದರಿದೆ. ಡಬ್ಬಿಯಲ್ಲಿದ್ದ ಮೊಸರನ್ನ ಅರ್ಧ ಹಾಗೆಯೇ ಉಳಿಯಿತು. ಅಮ್ಮ ಈ ಹೊತ್ತಿಗೆ ಕಾಕುವಿನ ಫೋನಿನ ಪಕ್ಕ ಕೂತಿರುತ್ತಾಳೆ, ಯಾವತ್ತಿಗಿಂತ ಹೆಚ್ಚು ಹೆದರಿ ಕೂತಿರುತ್ತಾಳೆ ಎಂದುಕೊಂಡೆ. ಹೆದರಿಕೆಯ ನಡುವೆಯೂ ಆ ಯೋಚನೆ ಚುಚ್ಚಿತು. ನೋಡಿ ಮನುಷ್ಯರ ಹೊಟ್ಟೆ ಹೇಗಿರುತ್ತದೆ.

ಸಂಜೆ ಮಳೆ ಬಿಟ್ಟಿತ್ತು. ರೈಲು ಎಂದಿನಂತೆ ತುಂಬಿ ಬಂತು, ಎಂದಿನಂತೆ ನನ್ನನ್ನು ಡೊಂಬಿವಲಿಯಲ್ಲಿ ಉಗುಳಿತು. ಜನರ ಜೊತೆ ಬ್ರಿಜ್ಜಿನ ಮೆಟ್ಟಿಲು ಹತ್ತಿ ಮೇಲೆ ಬಂದಾಗ, ನಿನ್ನೆಯ ಅದೇ ಕಂಬಿಯ ಹತ್ತಿರ ಅಮ್ಮ ನಿಂತಿದ್ದಳು. ಈ ಸಲ ಕೈಯಲ್ಲಿ ಏನೂ ಇರಲಿಲ್ಲ. ರೈಲಿಳಿದು ಬರುವ ಹೆಂಗಸರ ಮುಖಗಳನ್ನು ಒಂದೊಂದಾಗಿ, ಪಾಪ, ತರಕಾರಿ ಆರಿಸುವವಳಂತೆ ನೋಡುತ್ತಿದ್ದಳು. ನನ್ನ ಮುಖ ಸಿಕ್ಕಿದಾಗ ನಗಲಿಲ್ಲ. "ಬಂದ್ಯಾ," ಎಂದಳು, ಅಷ್ಟೇ.

"ನಿನಗೆ ತಲೆ ಸರಿ ಉಂಟಾ? ಈ ಜನರಲ್ಲಿ ತಳ್ಳಿ ಬೀಳಿಸಿದ್ರೆ? ಮಂಡಿ ನೋವಿಗೆ ಇನ್ನು ನಾನು ಎಣ್ಣೆ ತಿಕ್ಕಬೇಕಾ?" ಎಂದು ಮನೆಯವರೆಗೂ ಬೈದುಕೊಂಡು ಬಂದೆ. ಬೈಯುತ್ತಿದ್ದೆ, ಅವಳ ಕೈ ಬಿಟ್ಟಿರಲಿಲ್ಲ.

ಕಟ್ಟಡದ ಬಾಗಿಲಲ್ಲೇ ಕಾಕು ಸಿಕ್ಕಿದಳು. "ಅಗಂ, ಮಸ್ಕತ್‌ಚಾ ಫೋನ್ ಆಲಾ ಹೋತಾ! ದೋನ್ ವೇಳಾ! ಕುಣೀಚ್ ನವ್ಹತಂ!" ಮಸ್ಕತ್ತಿನಿಂದ ಎರಡು ಸಲ ಫೋನು ಬಂದಿತ್ತು, ಯಾರೂ ಇರಲಿಲ್ಲ. ಆರು ಗಂಟೆ ಹೊಡೆದ ಮೇಲೆ ನಿನ್ನ ಅಮ್ಮ ಇಲ್ಲಿಂದ ಎದ್ದು ಹೋದರು, ಎಷ್ಟು ಹೇಳಿದರೂ ಕೂರಲಿಲ್ಲ ಎಂದು ಕಾಕು ನನಗೆ ದೂರು ಹೇಳಿದಳು. ಅಮ್ಮ, "ಮುಟ್ಟಿದ್ದಾಳಲ್ಲ, ಸಾಕು," ಎಂದು ಮೆಟ್ಟಿಲು ಹತ್ತತೊಡಗಿದಳು.

ಶನಿವಾರ ಬೆಳಗ್ಗೆ ಮತ್ತೆ ಫೋನು ಬಂತು. ಅಮ್ಮ ಸ್ನಾನಕ್ಕೆ ಹೋಗಿದ್ದಳು. ನಾನು ಕೆಳಗೆ ಓಡಿ ತೆಗೆದುಕೊಂಡೆ.

"ನಿನ್ನೆ ಅಮ್ಮ ಎಲ್ಲಿ ಹೋದದ್ದು ಅಕ್ಕ?" ತಂಗಿಯ ಸ್ವರ ಅಷ್ಟು ದೂರದಿಂದ ಸ್ವಲ್ಪ ತಡವಾಗಿ ಬರುತ್ತಿತ್ತು. "ನನಗೆ ಎಷ್ಟು ಗಾಬರಿ ಆಯ್ತು ಗೊತ್ತುಂಟಾ? ಯಾವತ್ತೂ ಇಲ್ಲಿ ಮುಟ್ಟಿದ ಕೂಡ್ಲೆ ಅಮ್ಮನ ಸ್ವರ ಕೇಳ್ತಿತ್ತು."

"ಸ್ಟೇಷನ್ನಿಗೆ," ಎಂದೆ. "ಬ್ರಿಜ್ಜಿನ ಮೇಲೆ ನಿಂತಿದ್ಲು. ನನಗೆ ಕಾದು."

ಆ ಕಡೆ ಮಗು ಏನೋ ಕೇಳಿತು, ತಂಗಿ ಅದನ್ನು ಗದರಿಸಿದಳು.

"ಎಷ್ಟು ಹೊತ್ತು ನಿಂತದ್ದು?" ಎಂದು ಕೇಳಿದಳು ತಂಗಿ.

ಆ ಪ್ರಶ್ನೆಯ ಒಳಗೆ ಏನಿದೆ ಎಂದು ನನಗೆ ತಕ್ಷಣ ಗೊತ್ತಾಯಿತು. ಎಷ್ಟೋ ವರ್ಷ ಅದನ್ನು ನಾನೇ ಹೊತ್ತವಳು.

"ಮೂರು ಗಂಟೆ," ಎಂದೆ.

ಅಮ್ಮ ಬ್ರಿಜ್ಜಿನ ಮೇಲೆ ಇದ್ದದ್ದು ಹೆಚ್ಚೆಂದರೆ ಅರ್ಧ ಗಂಟೆ. ಆದರೆ ಎರಡೂವರೆಗಿಂತ ಕಡಿಮೆ ಹೇಳಲು ನನಗೆ ಬಾಯಿ ಬರಲಿಲ್ಲ.